ಹಾರ್ಲೆಮ್‌ನ ಗಡಿಯಾರದಂಗಡಿ, ಧಾರವಾಡದ ಪಡಸಾಲೆ

ಎರಡನೇ ಮಹಾಯುದ್ಧದಲ್ಲಿ ಯಹೂದಿಗಳನ್ನು ಅಡಗಿಸಿಟ್ಟ ಡಚ್ ಹೆಂಗಸು ಕೋರಿ ಟೆನ್ ಬೂಮ್ ತಮ್ಮ ಕಥೆ ಹೇಳಿದ ‘ದಿ ಹೈಡಿಂಗ್ ಪ್ಲೇಸ್’ ಪುಸ್ತಕವನ್ನು ನನಗೆ ಕೊಟ್ಟವರು, ನನ್ನ ಜೊತೆ ಹೈಸ್ಕೂಲಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಟೀಚರು. ಧಾರವಾಡದ ಬಾಸೆಲ್ ಮಿಶನ್ ಕಾಂಪೌಂಡಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರು. ‘ಓದ್ರಿ ಬಾಯಾರ, ಆದ್ರ ಲಗೂಲಗೂ ಓದಬ್ಯಾಡ್ರಿ’ ಅಂದಿದ್ದರು. ಲಗೂ ಓದುವ ದಾರಿಯೇ ನನಗೆ ಇರಲಿಲ್ಲ. ಅವ್ವನಿಗೆ ಈಗ ಕಣ್ಣಿನ ನಡುಭಾಗ ಮಸುಕಾಗಿದೆ. ಮುಖದ ಅಂಚು ಕಾಣುತ್ತದೆ, ಅಕ್ಷರ ಹಿಡಿಯುವುದಿಲ್ಲ. ವಾರಪತ್ರಿಕೆ ಬಂದ ದಿನವೇ ಧಾರಾವಾಹಿ ಓದಿ ಮುಗಿಸುತ್ತಿದ್ದ ಹೆಂಗಸು. ಹಾಗಾಗಿ ನಮ್ಮ ಮನೆಯಲ್ಲಿ ಒಂದು ರೂಢಿ ಬಿದ್ದಿದೆ: ನಾನು ಏನು ಓದಿದರೂ ಮಧ್ಯಾಹ್ನದ ಊಟದ ಮೇಲೆ ಪಡಸಾಲೆಯಲ್ಲಿ ಕುಳಿತು ಅವಳಿಗೆ ಹೇಳಬೇಕು. ಇಂಗ್ಲಿಷ್ ಪುಸ್ತಕವಾದರೆ ರಾತ್ರಿ ನಾನು ಪೆನ್ಸಿಲ್ ಹಿಡಿದು ಓದಿಟ್ಟುಕೊಂಡು, ಮರುದಿನ ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಮುಂಗಾರಿನ ಮಳೆ ಹಿಡಿದಾಗ ಶುರುಮಾಡಿದ ಈ ಪುಸ್ತಕ ಮುಗಿಯುವಷ್ಟರಲ್ಲಿ ನವರಾತ್ರಿ ಹತ್ತಿರ ಬಂದಿತ್ತು. ಇನ್ನೂರು ಚಿಲ್ಲರೆ ಪುಟಗಳಿಗೆ ಇಷ್ಟು ದಿನ ಹಿಡಿದದ್ದಕ್ಕೆ ಕಾರಣ ಪುಸ್ತಕದೊಳಗೂ ಇತ್ತು, ನಮ್ಮ ಮನೆಯೊಳಗೂ ಇತ್ತು.

ಮೊದಲು ಪುಸ್ತಕದ ಮಾತು. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಬಾರ್ಟೆಲ್‌ಯೋರಿಸ್‌ಸ್ಟ್ರಾಟ್ ಎಂಬ ಓಣಿಯಲ್ಲಿ ಟೆನ್ ಬೂಮ್ ಮನೆತನದ ಗಡಿಯಾರದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕೋರಿಯ ಅಜ್ಜ ಅದನ್ನು ತೆರೆದದ್ದು 1837ರಲ್ಲಿ. ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದು ನೆಲೆನಿಂತದ್ದೂ ಅದೇ 1837. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆದರೂ ಪುಸ್ತಕ ಕೊಟ್ಟ ಟೀಚರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ಕಥೆ ತೆರೆದುಕೊಳ್ಳುವುದು 1937ರ ಜನವರಿಯಲ್ಲಿ, ಅಂಗಡಿಗೆ ನೂರು ತುಂಬಿದ ಹಬ್ಬದಿಂದ. ತಂದೆ ಕ್ಯಾಸ್ಪರ್, ಅಕ್ಕ ಬೆಟ್ಸಿ, ತಂಗಿ ಕೋರಿ. ಅಕ್ಕತಂಗಿಯರಿಬ್ಬರೂ ಮದುವೆಯಾಗದೆ ತಂದೆಯ ಜೊತೆ ಉಳಿದವರು. ಬೆಟ್ಸಿ ಮನೆವಾರ್ತೆ ನೋಡಿದರೆ ಕೋರಿ ಅಂಗಡಿಯಲ್ಲಿ ಗಡಿಯಾರ ಬಿಚ್ಚಿ ರಿಪೇರಿ ಮಾಡುವವಳು. ಹಾಲೆಂಡಿನಲ್ಲಿ ಗಡಿಯಾರ ಕೆಲಸದ ಲೈಸೆನ್ಸ್ ಪಡೆದ ಮೊದಲ ಹೆಂಗಸು ಅವಳೇ.

ಮೊದಲ ನಾಲ್ಕೈದು ಅಧ್ಯಾಯಗಳಲ್ಲಿ ಯುದ್ಧವೇ ಇಲ್ಲ. ಚಿಕ್ಕಮ್ಮ ದೊಡ್ಡಮ್ಮಂದಿರು, ಸೂಪು, ಬೈಬಲ್ ಓದು, ಕೈಗೂಡದೆ ಹೋದ ಒಂದು ಪ್ರೀತಿ. ಈ ಭಾಗ ಬೇಸರವೆಂದು ದಾಟಿಸಿ ಓದಿದವರನ್ನು ನಾನು ಬಲ್ಲೆ. ದಾಟಬಾರದು ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಮುಂದೆ ನಾಜಿಗಳ ಸೆರೆ ಕ್ಯಾಂಪಿನಲ್ಲಿ ಈ ಅಕ್ಕತಂಗಿಯರು ಏನು ತೆಗೆದುಕೊಂಡು ಬದುಕಿದರೋ ಅದೆಲ್ಲ ಕೂಡಿಟ್ಟದ್ದು ಇಲ್ಲೇ. ಕ್ಯಾಸ್ಪರ್ ಪ್ರತಿ ಸೋಮವಾರ ರೈಲು ಹತ್ತಿ ಆಮ್‌ಸ್ಟರ್‌ಡಾಮ್‌ಗೆ ಹೋಗಿ, ನೌಕಾಪಡೆಯ ವೀಕ್ಷಣಾಲಯದಿಂದ ಕರಾರುವಾಕ್ಕಾದ ವೇಳೆ ತರುತ್ತಿದ್ದ. ಹಾಗೆ ಹೊರಟಾಗ ಒಮ್ಮೆ ಚಿಕ್ಕ ಕೋರಿ ವಯಸ್ಸಿಗೆ ಮೀರಿದ ಪ್ರಶ್ನೆ ಕೇಳುತ್ತಾಳೆ. ಅಪ್ಪ ಉತ್ತರ ಕೊಡದೆ, ರೈಲು ಇಳಿಯುವಾಗ ತನ್ನ ಗಡಿಯಾರದ ಸಾಮಾನು ತುಂಬಿದ ಪೆಟ್ಟಿಗೆ ಎತ್ತು ಅನ್ನುತ್ತಾನೆ. ಅವಳ ಕೈಲಾಗುವುದಿಲ್ಲ. ಇಷ್ಟು ಭಾರವನ್ನು ಮಗಳ ಮೇಲೆ ಹೊರಿಸುವ ಅಪ್ಪ ಎಂಥವನಾದಾನು, ಕೆಲವು ತಿಳಿವಳಿಕೆಯೂ ಹೀಗೇ, ನೀನು ಶಕ್ತಳಾಗುವ ತನಕ ಅದನ್ನು ನಾನೇ ಹೊತ್ತಿರುತ್ತೇನೆ ಅನ್ನುತ್ತಾನೆ.

ಅವ್ವ ಅಲ್ಲಿ ನನ್ನನ್ನು ತಡೆದಳು. ‘ಅವನ ಮಾತು ಇನ್ನೊಮ್ಮೆ ಹೇಳು’ ಅಂದಳು. ಹೇಳಿದೆ. ‘ನಿಮ್ಮಪ್ಪನೂ ಹಿಂಗs ಇದ್ರು’ ಅಂದು ಸುಮ್ಮನಾದಳು. ಅಪ್ಪ ಹೊತ್ತುಕೊಂಡದ್ದು ಯಾವ ಪೆಟ್ಟಿಗೆ ಅಂತ ನಾನು ಆ ದಿನ ಕೇಳಲಿಲ್ಲ.

1940ರ ಮೇ ತಿಂಗಳಲ್ಲಿ ಜರ್ಮನ್ನರು ಹಾಲೆಂಡಿಗೆ ನುಗ್ಗುತ್ತಾರೆ. ಯಹೂದಿಗಳ ಅಂಗಡಿಗಳಿಗೆ ಕಲ್ಲು, ಆಮೇಲೆ ಯಹೂದಿ ಅನ್ನುವ ಗುರುತಿಗೆ ಬಟ್ಟೆಯ ಮೇಲೆ ಹಳದಿ ನಕ್ಷತ್ರ, ಆಮೇಲೆ ರಾತ್ರೋರಾತ್ರಿ ಮನೆ ಖಾಲಿ. ಆ ದೇಶದಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೊಲೆಯಾದರು. ಅಂಥ ಹೊತ್ತಿನಲ್ಲಿ ಈ ಗಡಿಯಾರದವರ ಮನೆಯ ಬಾಗಿಲು ಬಡಿದವರಿಗೆಲ್ಲ ತೆರೆಯಿತು. ಮೇಲಿನ ಮಹಡಿಯಲ್ಲಿ ಕೋರಿಯ ಕೋಣೆಯೊಳಗೆ ಸುಳ್ಳುಗೋಡೆಯೊಂದನ್ನು ಕಟ್ಟಿದರು. ಅದರ ಹಿಂದೆ ಎರಡೂವರೆ ಅಡಿ ಅಗಲದ ಸಂದು. ಬಟ್ಟೆ ಕಪಾಟಿನ ತಳದ ಹಲಗೆ ಸರಿಸಿ ತೆವಳಿಕೊಂಡು ಒಳಗೆ ಹೋಗಬೇಕು. ಗಂಟೆ ಬಾರಿಸಿದ ಕೂಡಲೇ ಊಟದ ತಟ್ಟೆ, ಹಾಸಿಗೆಯ ಬಿಸಿ ಸಹಿತ ಗುರುತು ಉಳಿಯದ ಹಾಗೆ ಮಾಯವಾಗುವುದನ್ನು ಮನೆಮಂದಿ ಮತ್ತೆ ಮತ್ತೆ ರೂಢಿ ಮಾಡುತ್ತಾರೆ.

ಇಲ್ಲಿ ಅವ್ವನ ಕಥೆ ನನ್ನ ಕಥೆಗಿಂತ ಮುಂದೆ ಓಡಿತು. ಅವಳ ತವರು ಹಾವೇರಿ ತಾಲ್ಲೂಕಿನ ಹೊಸರಿತ್ತಿ ಕಡೆ. ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಲಿಯಾದದ್ದು ಅದೇ ಹೊಸರಿತ್ತಿಯಲ್ಲಿ. ಅವ್ವ ಹುಟ್ಟುವ ಮೊದಲಿನ ಮಾತು. ಆದರೆ ಅವಳ ಅವ್ವ ಹೇಳಿದ್ದನ್ನು ಕಂಡ ಹಾಗೆ ಹೇಳುತ್ತಾಳೆ: ಚಳವಳಿಯ ಹುಡುಗರು ರಾತ್ರಿ ಹಿತ್ತಲ ಬಾಗಿಲಿಗೆ ಬರುತ್ತಿದ್ದದ್ದು, ಜೋಳ ತುಂಬುವ ಹಗೇವು ಆ ವರ್ಷ ಖಾಲಿ ಇದ್ದದ್ದು, ಅದರೊಳಗೆ ಒಬ್ಬನನ್ನು ಇಳಿಸಿ ಮೇಲೆ ಮುಚ್ಚಿ ಅದರ ಮೇಲೆ ಎಮ್ಮೆಯ ಮೇವು ಒಟ್ಟಿದ್ದು. ‘ಹಗೇವಿನಾಗ ಬಾಳ ಹೊತ್ತು ಇಟ್ರ ಉಸರು ಸಿಗೂದಿಲ್ಲ. ಅವರ ಗ್ವಾಡ್ಯಾಗ ಗಾಳಿ ಬರ್ತಿತ್ತೇನ?’ ಅಂತ ಕೇಳಿದಳು. ಬರುತ್ತಿತ್ತು, ಗೋಡೆ ಕಟ್ಟಿದವರು ಅದಕ್ಕೊಂದು ಕಿಂಡಿ ಬಿಟ್ಟಿದ್ದರು. ಅವಳಿಗೆ ಸಮಾಧಾನವಾಯಿತು.

ಒಂದೇ ಕಾಲದಲ್ಲಿ ಎರಡು ಊರು. ಒಂದರಲ್ಲಿ ಬ್ರಿಟಿಷರಿಂದ ಅಡಗುವವರು, ಇನ್ನೊಂದರಲ್ಲಿ ಬ್ರಿಟಿಷರ ವಿಮಾನ ಬಂದರೆ ಬಿಡುಗಡೆಯಾದೀತು ಅಂತ ಕಾಯುವವರು. ಇದನ್ನು ಶಾಲೆಯಲ್ಲಿ ಇತಿಹಾಸ ಕಲಿಸುವಾಗ ನಾನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಆದರೆ ಬಾಗಿಲು ತೆರೆದ ಹೆಂಗಸಿನ ಎದೆಬಡಿತ ಎರಡೂ ಕಡೆ ಒಂದೇ ಇದ್ದೀತು.

ನಮ್ಮ ಮನೆಯಲ್ಲಿ ದೊಡ್ಡ ಜಗಳ ಹುಟ್ಟಿಸಿದ್ದು ಸುಳ್ಳಿನ ಪ್ರಸಂಗ. ಕೋರಿಯ ಇನ್ನೊಬ್ಬ ಅಕ್ಕ ನೋಲಿ ಜೀವ ಹೋದರೂ ಸುಳ್ಳು ಹೇಳುವುದಿಲ್ಲ ಅನ್ನುವವಳು. ಸೈನಿಕರು ಮನೆಗೆ ಬಂದು, ಆಶ್ರಯ ಪಡೆದ ಹುಡುಗಿಯನ್ನು ತೋರಿಸಿ ಇವಳು ಯಹೂದಿಯೇ ಅಂತ ಕೇಳಿದಾಗ ಹೌದು ಅಂದುಬಿಡುತ್ತಾಳೆ. ಇಬ್ಬರನ್ನೂ ಎಳೆದೊಯ್ಯುತ್ತಾರೆ. ಕೋರಿಗೆ ಸಿಟ್ಟು ಬರುತ್ತದೆ, ನನಗೂ ಬಂತು. ಕೆಲವೇ ದಿನಗಳಲ್ಲಿ, ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಭೂಗತ ಚಳವಳಿಯವರು ಆ ಹುಡುಗಿಯನ್ನು ಬಿಡಿಸಿಕೊಂಡರು, ದೇವರು ನೋಲಿಯ ನಂಬಿಕೆ ಕಾದ ಅನ್ನುವಂತೆ ಪುಸ್ತಕ ಮುಂದೆ ಹೋಗುತ್ತದೆ. ನನಗೆ ಇದು ಒಪ್ಪಿಗೆಯಾಗಲಿಲ್ಲ, ಈಗಲೂ ಆಗಿಲ್ಲ. ಇನ್ನೊಬ್ಬಳ ಜೀವ ಪಣಕ್ಕಿಟ್ಟು ನಾನು ಸತ್ಯವಂತೆ ಆಗುವುದು ಯಾವ ಧರ್ಮ? ಅವ್ವನೂ ನನ್ನ ಕಡೆ ಇರುತ್ತಾಳೆ ಅಂದುಕೊಂಡರೆ ಅವಳು ಬೇರೆ ಹೇಳಿದಳು: ‘ಒಂದs ಮನ್ಯಾಗ ಸುಳ್ಳು ಹೇಳಿ ಉಳಸಾಕಿನೂ ಬೇಕು, ಸುಳ್ಳ ಹೇಳಲಾರದಾಕಿನೂ ಬೇಕು. ಇಬ್ರೂ ಒಂದs ನಮೂನಿ ಇದ್ರ ಮನಿ ನಡಿಯೂದಿಲ್ಲ.’ ನಾನು ಒಪ್ಪಲಿಲ್ಲ. ಎರಡು ದಿನ ಅದೇ ಮಾತು ಎಳೆದಾಡಿದೆವು.

ಆಮೇಲೆ ಬಂತು 1944ರ ಫೆಬ್ರುವರಿ 28. ಒಬ್ಬ ಮನುಷ್ಯ ಅಂಗಡಿಗೆ ಬಂದು, ಯಹೂದಿಗಳಿಗೆ ಸಹಾಯ ಮಾಡಿದ್ದಕ್ಕೆ ನನ್ನ ಹೆಂಡತಿಯನ್ನು ಹಿಡಿದಿದ್ದಾರೆ, ಬಿಡಿಸಲು 600 ಗಿಲ್ಡರ್ ಬೇಕು ಅನ್ನುತ್ತಾನೆ. ಕೋರಿ ಜ್ವರದಲ್ಲಿ ಮಲಗಿದವಳು ಎದ್ದು ಬಂದು ಹಣದ ವ್ಯವಸ್ಥೆ ಮಾಡುತ್ತಾಳೆ. ಅವನೇ ಸುಳಿವು ಕೊಟ್ಟವನು. ಅಂದೇ ಮನೆಯ ಮೇಲೆ ದಾಳಿ. ಸುಳ್ಳುಗೋಡೆಯ ಹಿಂದಿದ್ದ ಆರು ಮಂದಿ, ಅಂದರೆ ನಾಲ್ವರು ಯಹೂದಿಗಳು ಮತ್ತು ಭೂಗತ ಚಳವಳಿಯ ಇಬ್ಬರು, ಕೊನೆಗೂ ಸಿಗಲಿಲ್ಲ. ಎರಡು ದಿನದ ಮೇಲೂ ಅಲ್ಲೇ ನಿಂತಿದ್ದು ಪಾರಾದರು. ಮನೆಮಂದಿ ಜೈಲು ಸೇರಿದರು. 84 ವರ್ಷದ ಕ್ಯಾಸ್ಪರ್‌ನನ್ನು ನೋಡಿ ನಾಜಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೋದ ಅಧಿಕಾರಿಗೂ ಹೇಗೋ ಅನಿಸಿ, ಇನ್ನು ತಂಟೆ ಮಾಡುವುದಿಲ್ಲ ಅಂದರೆ ಮನೆಗೆ ಕಳಿಸುತ್ತೇನೆ ಅನ್ನುತ್ತಾನೆ. ಮುದುಕ, ಇವತ್ತು ಮನೆಗೆ ಹೋದರೆ ನಾಳೆ ಬಾಗಿಲು ಬಡಿದವರಿಗೆ ಮತ್ತೆ ತೆರೆಯುತ್ತೇನೆ ಅನ್ನುತ್ತಾನೆ. ಹತ್ತನೇ ದಿನ ಸೆರೆಯಲ್ಲೇ ಸತ್ತ.

ಆ ಸುಳಿವುಗಾರನ ಪುಟಗಳನ್ನು ಓದಿ ಹೇಳುವಾಗ ನನ್ನ ದನಿ ಬದಲಾಗಿತ್ತಂತೆ. ಅವ್ವ ಆಮೇಲೆ ಹೇಳಿದ್ದು. ಪುಸ್ತಕ ಇಲ್ಲಿ ನಿಂತಿತು, ಬಹಳ ದಿನ ಮುಂದೆ ಹೋಗಲಿಲ್ಲ.

ಯಾಕೆಂದರೆ ಅಪ್ಪನ ಮೇಲೂ ಒಂದು ಮೂಕರ್ಜಿ ಹೋಗಿತ್ತು. ಅಪ್ಪ ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಕನ್ನಡ ಸಾಲೆಯ ಹೆಡ್‌ಮಾಸ್ತರು. ಬಿಸಿಯೂಟದ ಅಕ್ಕಿಯನ್ನು ಅಂಗಡಿಗೆ ಹಾಕುತ್ತಾರೆ ಅಂತ ಹೆಸರಿಲ್ಲದ ಅರ್ಜಿ. ಅಪ್ಪನನ್ನು ಅಮಾನತು ಮಾಡಿದರು. ಇಲಾಖಾ ವಿಚಾರಣೆ ಎಳೆಯಿತು, ಜೀವನಾಧಾರ ಭತ್ಯೆಯಲ್ಲಿ ಮನೆ ನಡೆಯಿತು. ಕೊನೆಗೆ ದಾಸ್ತಾನು ಪುಸ್ತಕ, ಹಾಜರಿ, ಚೀಲಗಳ ಲೆಕ್ಕ ಎಲ್ಲ ಸರಿಬಂದು ಆರೋಪ ಬಿದ್ದುಹೋಯಿತು. ಅಪ್ಪ ಮತ್ತೆ ಅದೇ ಸಾಲೆಗೆ ಹೋದರು. ಅರ್ಜಿಗೆ ಹೆಸರಿಲ್ಲದಿದ್ದರೂ ಊರಿಗೆ ಗೊತ್ತಿತ್ತು. ಅಕ್ಷರ ಯಾರದು ಅಂತ ಅಪ್ಪನಿಗೂ ಗೊತ್ತಾಯಿತು, ಯಾಕೆಂದರೆ ಆ ಅಕ್ಷರವನ್ನು ಬೋರ್ಡಿನ ಮೇಲೆ ದಿನಾ ನೋಡುತ್ತಿದ್ದರು. ಅದೇ ಸಾಲೆಯಲ್ಲಿ ಕೆಲಸ ಮಾಡುವ ಮಾಸ್ತರು. ನಿವೃತ್ತಿಯಾದ ಮೇಲೆ ಧಾರವಾಡಕ್ಕೆ ಬಂದೆವು. ಅಪ್ಪ ಹೋಗಿ ಈಗ ಕೆಲವು ವರ್ಷ. ನನ್ನ ಸಿಟ್ಟು ಮಾತ್ರ ಹಾಗೇ ಇದೆ. ಬೇರೆಯವರಿಗೆ ಇದು ಸಣ್ಣ ಸಂಗತಿ ಅನಿಸಬಹುದು. ಕ್ಯಾಂಪಿನಲ್ಲಿ ಸತ್ತವರ ಕಥೆಯ ಪಕ್ಕದಲ್ಲಿ ಅಮಾನತಿನ ಕಥೆ ಇಡುವುದು ತೂಕ ತಪ್ಪಿದ ಮಾತು ಅಂತ ನಾನೂ ಬಲ್ಲೆ. ಎರಡನ್ನೂ ಸಮ ಮಾಡುತ್ತಿಲ್ಲ. ಆದರೆ ಓದುವವರು ತಮ್ಮ ಗಾಯವನ್ನು ಹೊಸ್ತಿಲ ಹೊರಗೆ ಬಿಟ್ಟು ಪುಸ್ತಕದೊಳಗೆ ಬರುವುದಿಲ್ಲ.

ಮತ್ತೆ ಪುಸ್ತಕ ಎತ್ತಿಕೊಂಡದ್ದು ಶ್ರಾವಣದಲ್ಲಿ, ಅವ್ವನೇ ಕೇಳಿದ್ದರಿಂದ. ‘ಆ ಇಬ್ರ ಹುಡಿಗ್ಯಾರ್ನ ಜೈಲಿನಾಗs ಬಿಟ್ಟು ಕುಂತಿಯಲ್ಲ’ ಅಂದಳು. ಕೋರಿಗೆ ಆಗ 51, ಬೆಟ್ಸಿಗೆ 58. ಅವ್ವನಿಗೆ ಅವರು ಹುಡುಗಿಯರು.

ಜೈಲಿನ ಭಾಗದಲ್ಲಿ ನಾನು ಅತ್ತದ್ದು ಒಂದು ಕಾಗದ ಬಂದಾಗ. ಒಂಟಿ ಕೋಣೆಯಲ್ಲಿ ಇರುವೆಗಳನ್ನೇ ಸಂಗಾತಿ ಮಾಡಿಕೊಂಡಿದ್ದ ಕೋರಿಗೆ ನೋಲಿ ಬರೆಯುತ್ತಾಳೆ. ಲಕೋಟೆಯ ಮೇಲೆ ಅಕ್ಷರ ಅಂಚೆಚೀಟಿಯ ಕಡೆ ಓಲಿದೆ. ಚೀಟಿ ಕಿತ್ತು ನೋಡಿದರೆ ಅದರಡಿ ಸಣ್ಣ ಅಕ್ಷರದಲ್ಲಿ, ನಿನ್ನ ಕಪಾಟಿನ ಗಡಿಯಾರಗಳೆಲ್ಲ ಸುರಕ್ಷಿತ ಅಂತ ಇದೆ. ಗಡಿಯಾರ ಅಂದರೆ ಆ ಆರು ಜನ. ಅವ್ವ ಚಪ್ಪಾಳೆ ತಟ್ಟಿದಳು.

ಅಲ್ಲಿಂದ ವುಖ್ಟ್ ಎಂಬ ಕ್ಯಾಂಪು. ಸುಳಿವು ಕೊಟ್ಟವನ ಹೆಸರು ಕೋರಿಗೆ ಗೊತ್ತಾಗುವುದು ಇಲ್ಲಿ. ಮೈಯೆಲ್ಲ ಉರಿ. ಅವನು ಎದುರು ಬಂದರೆ ಕೊಂದೇನು ಅನ್ನುವಷ್ಟು. ಪಕ್ಕದಲ್ಲಿ ಬೆಟ್ಸಿ ನೆಮ್ಮದಿಯಿಂದ ಇದ್ದಾಳೆ. ನಿನಗೇನೂ ಅನಿಸುವುದಿಲ್ಲವೇ ಅಂದರೆ, ತುಂಬಾ ಅನಿಸುತ್ತದೆ, ಅವನು ಎಷ್ಟು ನರಳುತ್ತಿರಬೇಕು ಅನ್ನುತ್ತಾಳೆ. ಆ ಕತ್ತಲಲ್ಲಿ ಕೋರಿಗೆ ಹೊಳೆಯುತ್ತದೆ: ನಾನೂ ಮನಸ್ಸಿನಲ್ಲಿ ಕೊಲೆ ಮಾಡಿದವಳೇ. ಅಂದು ಅವನನ್ನು ಕ್ಷಮಿಸುತ್ತೇನೆ ಅಂತ ಪ್ರಾರ್ಥಿಸಿ, ಎಷ್ಟೋ ದಿನಗಳ ಮೇಲೆ ನಿದ್ದೆ ಮಾಡುತ್ತಾಳೆ.

ಅವ್ವ ದಿನಾ ಇಷ್ಟಲಿಂಗ ಪೂಜೆ ಮಾಡುವವಳು. ತನಗೆ ಮುನಿದವರಿಗೆ ತಾನು ಮುನಿಯಬಾರದು, ಮನೆಯೊಳಗಿನ ಕಿಚ್ಚು ಮೊದಲು ಸುಡುವುದು ತನ್ನ ಮನೆಯನ್ನೇ ಅನ್ನುವ ಬಸವಣ್ಣನ ಮಾತು ಅವಳ ನಾಲಿಗೆಯ ಮೇಲೆ ಇದೆ. ‘ಇದs ಅದು’ ಅಂದಳು. ಸಿಟ್ಟು ಹಿಡಿದವರನ್ನೇ ಸಿಟ್ಟು ಸುಡುತ್ತದೆ, ಕ್ಷಮಿಸಿದವರಿಗೆ ನಿದ್ದೆ ಬರುತ್ತದೆ. ನನಗೂ ಮೊದಲಿಗೆ ಹಾಗೇ ಕಂಡಿತು. ಆದರೆ ಬೆಟ್ಸಿಯ ಜೊತೆ ಮುಂದೆ ಮುಂದೆ ಹೋದ ಹಾಗೆ, ಅವಳು ಹಿಡಿದದ್ದು ಬೇರೆ ದಾರಿ ಅನಿಸತೊಡಗಿತು. ಅವಳಿಗೆ ತನ್ನ ನಿದ್ದೆಯ ಚಿಂತೆ ಇಲ್ಲ. ಅವಳ ಕಣ್ಣು ಇರುವುದು ಆ ಮನುಷ್ಯನ ಮೇಲೆ, ಅವನಿಗೆ ಏನಾಗಿದೆ ಅನ್ನುವುದರ ಮೇಲೆ. ಕಾವಲಿನ ಹೆಂಗಸು ಕೈದಿಯೊಬ್ಬಳನ್ನು ಹೊಡೆಯುವುದನ್ನು ಕಂಡು ಕೋರಿ, ಇಂಥವರಿಗೆ ಏನು ಮಾಡೋಣ, ಯುದ್ಧ ಮುಗಿದ ಮೇಲೆ ಇವರಿಗೊಂದು ಮನೆ ಮಾಡೋಣವೇ ಅನ್ನುತ್ತಾಳೆ. ಅದಕ್ಕಾಗಿ ದಿನಾ ಪ್ರಾರ್ಥಿಸುತ್ತೇನೆ ಅನ್ನುತ್ತಾಳೆ ಬೆಟ್ಸಿ. ಕೋರಿ ಕೇಳಿದ್ದು ಹೊಡೆಸಿಕೊಂಡವಳ ಬಗ್ಗೆ. ಬೆಟ್ಸಿ ಹೇಳಿದ್ದು ಹೊಡೆದವಳ ಬಗ್ಗೆ.

ರಾವೆನ್ಸ್‌ಬ್ರುಕ್ ಕ್ಯಾಂಪಿನ ಅಧ್ಯಾಯಗಳನ್ನು ರಾತ್ರಿ ಓದಬಾರದು ಅಂತ ಎರಡನೇ ದಿನವೇ ತೀರ್ಮಾನಿಸಿದೆ. ಬೆಳಗಿನ ಅಡಿಗೆ ಮುಗಿಸಿ, ಬೆಳಕಿನಲ್ಲಿ, ಅಂಗಳದ ಕಟ್ಟೆಯ ಮೇಲೆ ಓದಿದೆ. 1944ರ ಸೆಪ್ಟೆಂಬರ್‌ನಲ್ಲಿ ಅಕ್ಕತಂಗಿಯರನ್ನು ಗೂಡ್ಸ್ ಡಬ್ಬಿಯಲ್ಲಿ ತುಂಬಿ ಅಲ್ಲಿಗೆ ಒಯ್ದರು. 28ನೇ ಬ್ಯಾರಕ್ಕು. 400 ಜನರಿಗೆ ಅಂತ ಕಟ್ಟಿದ ಕೋಣೆಯಲ್ಲಿ 1,400 ಹೆಂಗಸರು, ಹುಲ್ಲಿನ ತುಂಬ ಚಿಗಟ. ಕದ್ದು ಒಳಗೆ ತಂದ ಸಣ್ಣ ಬೈಬಲ್ಲನ್ನು ಇಬ್ಬರೂ ಸುತ್ತ ಕೂತ ಹೆಂಗಸರಿಗೆ ಓದಿ ಹೇಳುತ್ತಾರೆ. ಡಚ್ಚಿನಲ್ಲಿದ್ದುದನ್ನು ಜರ್ಮನ್‌ನಲ್ಲಿ ಹೇಳಿದರೆ ಅದು ಸಾಲಿನಿಂದ ಸಾಲಿಗೆ ಪೋಲಿಶ್, ಫ್ರೆಂಚ್, ರಷ್ಯನ್ ಆಗಿ ದಾಟುತ್ತಾ ಹೋಗುತ್ತದೆ. ಎಲ್ಲದಕ್ಕೂ ದೇವರಿಗೆ ವಂದನೆ ಹೇಳಬೇಕು, ಚಿಗಟಕ್ಕೂ ಹೇಳಬೇಕು ಅನ್ನುತ್ತಾಳೆ ಬೆಟ್ಸಿ. ಕೋರಿಗೆ ಅದು ಅತಿಯಾಯಿತು ಅನಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಕಾವಲಿನವರು ಆ ಕೋಣೆಯೊಳಗೆ ಕಾಲಿಡದೆ ಇದ್ದದ್ದು ಚಿಗಟದ ಕಾಟಕ್ಕೇ, ಓದು ನಿರ್ಭಯವಾಗಿ ನಡೆದದ್ದು ಅದರಿಂದಲೇ.

ಈ ಚಿಗಟದ ಪ್ರಸಂಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನೊಳಗೆ ಒಂದು ತಕರಾರು ಇದೆ. ಅದೇ ಕ್ಯಾಂಪಿನಲ್ಲಿ ಯಾವ ಉಪಕಾರವೂ ಕಾಣದೆ ಸತ್ತವರು ಸಾವಿರಾರು. ಹಾರ್ಲೆಮ್‌ನಿಂದ ಆಮ್‌ಸ್ಟರ್‌ಡಾಮ್ ಇಪ್ಪತ್ತು ಕಿಲೋಮೀಟರ್ ಕೂಡ ಸರಿಯಾಗಿ ಇಲ್ಲ. ಅಲ್ಲಿ ಇನ್ನೊಂದು ಗುಪ್ತ ಮನೆಯಲ್ಲಿದ್ದ ಆನ್ ಫ್ರಾಂಕ್ ಎಂಬ ಹುಡುಗಿಯನ್ನು 1944ರ ಆಗಸ್ಟ್ 4ರಂದು ಹಿಡಿದರು. ಅವಳು 1945ರ ಆರಂಭದಲ್ಲಿ ಇನ್ನೊಂದು ಕ್ಯಾಂಪಾದ ಬರ್ಗೆನ್-ಬೆಲ್ಸನ್‌ನಲ್ಲಿ ತೀರಿಕೊಂಡಳು. ಅವಳಿಗೆ ಯಾವ ಚಿಗಟವೂ ಕಾವಲಾಗಲಿಲ್ಲ. ಹಾಗಾಗಿ ಬೆಟ್ಸಿಯ ಮಾತನ್ನು ಬೆಟ್ಸಿಯ ಬಾಯಲ್ಲಿ ಮಾತ್ರ ನಾನು ಒಪ್ಪುತ್ತೇನೆ. ಅವಳು ಅದೇ ಹುಲ್ಲಿನ ಮೇಲೆ ಮಲಗಿ, ಮೈ ಕೆರೆದುಕೊಳ್ಳುತ್ತಾ ಹೇಳಿದ್ದು. ಹೊರಗೆ ಹಾಸಿಗೆಯ ಮೇಲೆ ಕೂತವರು ಕಷ್ಟದಲ್ಲಿರುವವರಿಗೆ ಅದನ್ನು ಉಪದೇಶ ಮಾಡಿದರೆ ಅದು ಕ್ರೌರ್ಯ. ಅಪ್ಪನ ಅಮಾನತಿನ ದಿನಗಳಲ್ಲಿ ‘ಎಲ್ಲಾ ಒಳ್ಳೇದಕ್ಕs ಆಗ್ತದರಿ’ ಅಂತ ಹೇಳಿಹೋದವರ ಮುಖ ನನಗೆ ಇನ್ನೂ ನೆನಪಿದೆ.

ಬೆಟ್ಸಿ ಸತ್ತದ್ದು 1944ರ ಡಿಸೆಂಬರ್ 16ಕ್ಕೆ. ಎರಡು ವಾರವೂ ಆಗುವ ಮುಂಚೆ ಕೋರಿಯನ್ನು ಬಿಟ್ಟುಬಿಟ್ಟರು. ಅದು ಕಚೇರಿಯ ಕಾಗದದ ತಪ್ಪಿನಿಂದ ಆದದ್ದು, ಅವಳ ವಯಸ್ಸಿನ ಹೆಂಗಸರನ್ನೆಲ್ಲ ಮುಂದಿನ ವಾರವೇ ಕೊಂದರು ಅಂತ ಆಮೇಲೆ ತಿಳಿಯಿತಂತೆ. ಅವ್ವ ಆ ದಿನ ಚಹಾ ಬೇಡ ಅಂದಳು.

ಇನ್ನು ಆ ಕೊನೆಯ ಪುಟಗಳು. ಯುದ್ಧ ಮುಗಿದಿದೆ. ಕೋರಿ ಬ್ಲುಮೆಂಡಾಲ್‌ನಲ್ಲಿ ಕ್ಯಾಂಪಿನಿಂದ ಬಂದವರಿಗೆ ಮನೆ ಮಾಡಿದ್ದಾಳೆ. ತನ್ನ ಹುಟ್ಟುಮನೆಯನ್ನು ಯಾರೂ ಸೇರಿಸಿಕೊಳ್ಳದ, ನಾಜಿಗಳ ಜೊತೆ ಕೈಜೋಡಿಸಿದ ಡಚ್ಚರಿಗೆ ಬಿಟ್ಟುಕೊಟ್ಟಿದ್ದಾಳೆ. ಊರೂರು ಸುತ್ತಿ ಕ್ಷಮೆಯ ಮಾತು ಹೇಳುತ್ತಿದ್ದಾಳೆ. ಮ್ಯೂನಿಕ್‌ನ ಚರ್ಚಿನಲ್ಲಿ ಮಾತು ಮುಗಿಸಿದಾಗ ಒಬ್ಬ ಮನುಷ್ಯ ಎದುರು ಬರುತ್ತಾನೆ. ರಾವೆನ್ಸ್‌ಬ್ರುಕ್‌ನಲ್ಲಿ ಹೆಂಗಸರು ಬೆತ್ತಲೆ ನಡೆಯಬೇಕಾಗಿದ್ದ ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಕಾವಲಿನವನು. ನಿಮ್ಮ ಮಾತಿಗೆ ಋಣಿ, ದೇವರು ನನ್ನ ಪಾಪ ತೊಳೆದ ಅನ್ನುತ್ತಾ ಕೈ ಚಾಚುತ್ತಾನೆ. ಕೋರಿಯ ಕೈ ಮೇಲೇಳುವುದಿಲ್ಲ. ಮುಗುಳ್ನಗಲು ನೋಡುತ್ತಾಳೆ, ಆಗುವುದಿಲ್ಲ. ಎದೆಯಲ್ಲಿ ಪ್ರೀತಿಯ ಒಂದು ಕಿಡಿಯೂ ಇಲ್ಲ. ನನ್ನಿಂದ ಆಗುವುದಿಲ್ಲ, ನಿನ್ನ ಕ್ಷಮೆಯನ್ನೇ ಕೊಡು ಅಂತ ಒಳಗೊಳಗೇ ಬೇಡಿಕೊಂಡು, ಕೈಯನ್ನು ಕೈಗೆ ಕೊಡುತ್ತಾಳೆ. ಭುಜದಿಂದ ಕೈಗುಂಟ ಏನೋ ಹರಿದು ಅವನ ಕಡೆ ಹೋಯಿತು ಅನ್ನುತ್ತಾಳೆ. ಪ್ರೀತಿ ಹುಟ್ಟಿದ್ದು ಆಮೇಲೆ.

ಇದನ್ನು ಹೇಳಿ ಮುಗಿಸಿದಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, ‘ನಿಮ್ಮಪ್ಪ ಆ ಮಾಸ್ತರಗ ಬನ್ನಿ ಕೊಟ್ಟಿದ್ರು’ ಅಂದಳು.

ದಸರೆಯ ಸಂಜೆ ನಮ್ಮ ಕಡೆ ಬನ್ನಿ ಮುಡಿಯುವುದು ಎಲ್ಲರಿಗೂ ಗೊತ್ತು. ಬನ್ನಿ ಎಲೆ ಕೈಯಲ್ಲಿಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅನ್ನುತ್ತೇವೆ. ವರ್ಷವೆಲ್ಲ ಮಾತು ಬಿಟ್ಟವರೂ ಆ ದಿನ ಎಲೆ ಕೊಡಬೇಕು ಅಂತ ಹಿರಿಯರು ಹೇಳುತ್ತಾರೆ. ವಿಚಾರಣೆ ಮುಗಿದ ವರ್ಷದ ದಸರೆಗೆ ಅಪ್ಪ ತಾವೇ ಆ ಮಾಸ್ತರ ಮನೆಗೆ ಹೋಗಿದ್ದರಂತೆ. ಎಲೆ ಕೊಟ್ಟು ಬಂದು, ಪಡಸಾಲೆಯಲ್ಲಿ ಕೂತು ಅವ್ವನಿಗೆ ಹೇಳಿದರಂತೆ: ‘ಕೈ ನಡಗ್ತಿತ್ತು, ಮನಸಿನಾಗ ಏನೂ ಇರಲಿಲ್ಲ, ಕೊಟ್ಟೆ.’ ಮುಂದೆ ಊರು ಬಿಡುವ ತನಕ ಪ್ರತಿ ವರ್ಷ ಕೊಟ್ಟರು. ನಾನಾಗ ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದೆ, ನನಗೆ ಯಾರೂ ಹೇಳಲಿಲ್ಲ. ಅಪ್ಪನೇ ಬೇಡ ಅಂದಿದ್ದರಂತೆ. ಅವಳು ಸಣ್ಣಾಕಿ, ಅವಳಿಗೆ ಸಿಟ್ಟು ಇರಲಿ, ಸಿಟ್ಟಿಲ್ಲದಿದ್ದರೆ ಓದು ಬಿಟ್ಟಾಳು ಅಂದಿದ್ದರಂತೆ.

ಸಾಮಾನು ತುಂಬಿದ ಪೆಟ್ಟಿಗೆಯ ಕಥೆಗೆ ಅವ್ವ ಯಾಕೆ ತಡೆದಿದ್ದಳು ಅನ್ನುವುದು ಆಗ ತಿಳಿಯಿತು.

‘ನೀನೂ ಕೊಟ್ಟಿಯೇನ?’ ಅಂತ ಕೇಳಿದೆ. ‘ಇಲ್ಲ’ ಅಂದಳು. ‘ನಾ ಒಳಗಿಂದ ಹೊರಗs ಬರಲಿಲ್ಲ. ಅವರಿಗೆ ಮಾಡಿದ್ದನ್ನ ಅವರು ಬಿಟ್ರು. ನನಗ ಮಾಡಿದ್ದು ನಂದು. ನನ್ನ ಪಾಟಲಿ ಒತ್ತಿ ಇಟ್ಟು ಮನಿ ನಡಿಸೇನಿ. ಅದನ್ನ ನಿಮ್ಮಪ್ಪ ಹೆಂಗ ಬಿಟ್ಟಾರು?’

ಇದೇ ಪ್ರಶ್ನೆಯನ್ನು ನನ್ನ ಟೀಚರ ಹತ್ತಿರ ಒಯ್ದೆ. ಕೋರಿ ತನಗಾದ ಅವಮಾನವನ್ನು ಕ್ಷಮಿಸಬಹುದು. ಬೆಟ್ಸಿಯ ಸಾವನ್ನು ಕ್ಷಮಿಸಲು ಅವಳಿಗೆ ಅಧಿಕಾರ ಇದೆಯೇ? ಅವರು ಸೈಮನ್ ವೀಸೆಂಥಾಲ್ ಅವರ ಮಾತು ಎತ್ತಿದರು. ಯಹೂದಿ ಕೈದಿಯಾಗಿದ್ದ ಅವರನ್ನು, ಸಾಯುತ್ತಿದ್ದ ನಾಜಿ ಎಸ್‌ಎಸ್ ಸೈನಿಕನೊಬ್ಬನ ಹಾಸಿಗೆಯ ಹತ್ತಿರ ಕರೆದೊಯ್ದರು. ಅವನು ತಾನು ಯಹೂದಿಗಳನ್ನು ಕೊಂದದ್ದನ್ನು ಹೇಳಿ ಕ್ಷಮೆ ಕೇಳಿದ. ವೀಸೆಂಥಾಲ್ ಏನೂ ಹೇಳದೆ ಎದ್ದು ಬಂದರು. ಸತ್ತವರ ಪರವಾಗಿ ನಾನು ಕ್ಷಮಿಸಬಹುದಿತ್ತೇ ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ. ಮುಂದೆ ಅದನ್ನು ಅನೇಕ ಚಿಂತಕರ ಮುಂದಿಟ್ಟರು, ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ‘ಕೋರಿನೂ ಖರೆ, ಅವರೂ ಖರೆ’ ಅಂದರು ಟೀಚರು. ಅವರು ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಆ ಸುಮ್ಮನಿದ್ದ ಮನುಷ್ಯನಿಗೂ ಜಾಗ ಕೊಟ್ಟರು ಅನ್ನುವುದು ನನಗೆ ದೊಡ್ಡದಾಗಿ ಕಂಡಿತು.

ನಾನು ಎಲ್ಲಿದ್ದೇನೆ ಅಂತ ಹೇಳಬೇಕಾದರೆ: ಕ್ಷಮೆಗೆ ಮನಸ್ಸು ಮೊದಲು ಹದವಾಗಬೇಕು ಅಂತ ನಂಬಿದ್ದೆ, ಈಗ ನಂಬುವುದಿಲ್ಲ. ಕೋರಿಯ ಕೈಯೂ ಅಪ್ಪನ ಕೈಯೂ ಖಾಲಿ ಎದೆಯಿಂದಲೇ ಎದ್ದವು. ಆದರೆ ನನ್ನ ಕೈ ಇನ್ನೂ ಎದ್ದಿಲ್ಲ. ಅವ್ವನ ಕೈಯನ್ನು ಎತ್ತಿಸುವ ಹಕ್ಕಂತೂ ನನಗಿಲ್ಲ, ಯಾರಿಗೂ ಇಲ್ಲ.

ಒಂದು ಕೆಲಸ ಮಾತ್ರ ಆಗಿದೆ. ಆ ಸಾಲೆಗೆ ಈಗ ನೂರು ವರ್ಷ ತುಂಬುತ್ತಿದೆ. ಹಳೆಯ ವಿದ್ಯಾರ್ಥಿಗಳು ನೆನಪಿನ ಸಂಚಿಕೆ ತರುತ್ತಿದ್ದಾರೆ. ಅದರ ಓಡಾಟ ಮಾಡುತ್ತಿರುವವರಲ್ಲಿ ಆ ಮಾಸ್ತರ ಮಗನೂ ಒಬ್ಬ. ಅಪ್ಪನ ಫೋಟೋ ಬೇಕು, ಅವರ ಬಗ್ಗೆ ನಾಲ್ಕು ಸಾಲು ಬೇಕು ಅಂತ ಬೇಸಿಗೆಯಲ್ಲೇ ಫೋನ್ ಮಾಡಿದ್ದ. ನಾನು ಉತ್ತರ ಕೊಟ್ಟಿರಲಿಲ್ಲ. ಪುಸ್ತಕ ಮುಗಿದ ವಾರ ಅವ್ವನಿಗೆ ಇದನ್ನು ಹೇಳಿದೆ. ಅವಳು ಕೂಡಲೇ, ‘ಕೊಡು’ ಅಂದಳು. ‘ಆದ್ರ ಅಮಾನತ್ ಆಗಿದ್ದೂ ಬರೀಬೇಕು, ನಿರ್ದೋಷಿ ಅಂತ ಬಂದಿದ್ದೂ ಬರೀಬೇಕು. ಆಕಿ ಎಲ್ಲಾ ಬರದಾಳಲ್ಲ, ಆ ಕೋರಿ. ಏನರ ಮುಚ್ಚಿಟ್ಟಾಳೇನ?’

ಫೋನ್ ಮಾಡಿ ಹಾಗೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನೀವs ಬರದ ಕೊಡ್ರಿ ಅಕ್ಕಾರ, ಒಂದಕ್ಷರ ತಗಿಯೂದಿಲ್ಲ’ ಅಂದ. ಅವರಪ್ಪ ಹೇಗಿದ್ದಾರೆ ಅಂತ ಕೇಳಿದೆ. ಹಾಸಿಗೆ ಹಿಡಿದಿದ್ದಾರಂತೆ.

ಬರೆಯುತ್ತಿದ್ದೇನೆ. ಅರ್ಧ ಪುಟವಾಗಿದೆ. ಅರ್ಜಿ ಬರೆದವರ ಹೆಸರು ಹಾಕಿಲ್ಲ, ಅರ್ಜಿ ಬಂದದ್ದನ್ನು ಬಿಟ್ಟೂ ಇಲ್ಲ. ಕಳಿಸುವ ಮೊದಲು ಎರಡು ಸಲ ಓದಿ ಹೇಳಬೇಕು ಅಂತ ಅವ್ವನ ಕರಾರು.